ಕ್ರಿಸ್‌ಮಸ್‌ಗೆ ಕ್ವಾಯರ್ ತಯಾರಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ನವೆಂಬರ್ 22 ಸಂತ ಸಿಸಿಲಿಯಾ ಹಬ್ಬ. ಸಂಗೀತಗಾರರ ಪಾಲಕಿ ಆಕೆ. ಆ ಹಬ್ಬ ಮುಗಿಯುವುದೇ ತಡ, ಕ್ವಾಯರ್, ಅಂದರೆ ಚರ್ಚಿನ ಹಾಡುವ ತಂಡ ನಡೆಸುವವರಿಂದ ನನಗೆ ಪತ್ರಗಳು ಬರತೊಡಗುತ್ತವೆ. ಎಲ್ಲರದೂ ಒಂದೇ ಗಾಬರಿ. ಈ ಸಲ ಬಂದವುಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಅಕ್ಕಾ, ನಮ್ಮ ಧರ್ಮಕೇಂದ್ರದ ಕ್ವಾಯರ್ ಈ ವರ್ಷ ನನ್ನ ತಲೆಗೆ ಬಂದಿದೆ. ಹೆಸರಿಗೆ 14 ಜನ, ಪ್ರಾಕ್ಟೀಸ್‌ಗೆ ಬರುವವರು ಏಳೆಂಟು. ರಾತ್ರಿ ಬಲಿಪೂಜೆಗೆ ಹೊಸ ಗ್ಲೋರಿಯಾ (ಪೂಜೆಯ ಮಹಿಮಾ ಗೀತೆ), ಹೊಸ ಪ್ರವೇಶ ಗೀತೆ, ನಾಲ್ಕು ಧ್ವನಿಯ ಮೂರು ಕ್ಯಾರೋಲ್ ಆರಿಸಿದ್ದೇನೆ. ಉಳಿದಿರುವುದು ನಾಲ್ಕೇ ವಾರ. ಎಲ್ಲಿಂದ ಶುರು ಮಾಡಲಿ?
— ಹೊಸ ಕ್ವಾಯರ್ ಮಾಸ್ಟರ್

ಮೊದಲು ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ, ತಮ್ಮಾ.

ಒಂದು ಹಾಳೆ ತೆಗೆದುಕೊಳ್ಳಿ. ಜನರ ಬಾಯಲ್ಲಿ ಬರಲೇಬೇಕಾದ್ದನ್ನು ಒಂದು ಕಡೆ ಬರೆಯಿರಿ: ಗ್ಲೋರಿಯಾ, ಬೈಬಲಿನ ಕೀರ್ತನೆಯ ಪಲ್ಲವಿ, ಅಲ್ಲೆಲೂಯ, ‘ಪವಿತ್ರ, ಪವಿತ್ರ’, ‘ದೇವರ ಕುರಿಮರಿ’. ಕ್ವಾಯರ್ ಮಾತ್ರ ಹಾಡಿದರೂ ನಡೆಯುವಂಥದ್ದನ್ನು ಇನ್ನೊಂದು ಕಡೆ ಬರೆಯಿರಿ. ಕ್ಯಾರೋಲ್‌ಗಳೆಲ್ಲ ಬಹುಮಟ್ಟಿಗೆ ಈ ಎರಡನೇ ಸಾಲಿಗೆ ಬರುತ್ತವೆ. ನಾಲ್ಕು ವಾರದ ಪ್ರಾಕ್ಟೀಸ್‌ನಲ್ಲಿ ಮೊದಲ ಎರಡು ವಾರ ಮೊದಲ ಸಾಲಿಗೇ ಹೋಗಲಿ. ಸಾಮಾನ್ಯವಾಗಿ ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕ್ಯಾರೋಲ್‌ಗೆ ತಿಂಗಳು ಪೂರ್ತಿ ಕೊಟ್ಟು, ಕೀರ್ತನೆಯನ್ನು 24ರ ಸಂಜೆ ಮೆಟ್ಟಿಲ ಮೇಲೆ ನಿಂತು ನೋಡಿಕೊಳ್ಳುತ್ತಾರೆ. ಆಮೇಲೆ ಜನ ಬಾಯಿ ಬಿಡಲಿಲ್ಲ ಅಂತ ದೂರು ಬೇರೆ.

ಹೊಸ ಗ್ಲೋರಿಯಾ ವಿಷಯ ಯೋಚಿಸಿ. ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರದ ಭಾನುವಾರಗಳಲ್ಲಿ ಗ್ಲೋರಿಯಾ ಇಲ್ಲ. ಅಂದರೆ ನೀವು ಎಷ್ಟೇ ಚೆನ್ನಾಗಿ ಕಲಿತರೂ ಬೆಂಚಿನಲ್ಲಿ ಕೂತವರು ಅದನ್ನು ಕೇಳುವುದು ಕ್ರಿಸ್‌ಮಸ್ ರಾತ್ರಿಯೇ. ನಾಲ್ಕು ವಾರ ಸುಮ್ಮನಿದ್ದ ಹಾಡು ಮತ್ತೆ ಏಳುವ ಗಳಿಗೆ ಅದು. ಆ ಗಳಿಗೆಯಲ್ಲಿ ಜನಕ್ಕೆ ಗೊತ್ತಿಲ್ಲದ ರಾಗ ಎತ್ತಿದರೆ ಅವರು ನಿಮ್ಮನ್ನು ನೋಡುತ್ತಾ ನಿಲ್ಲುತ್ತಾರೆ, ಅಷ್ಟೆ. ಹಳೆಯದನ್ನೇ ಹಾಡಿ, ನಾಲ್ಕು ಗೋಡೆ ಅದುರುವ ಹಾಗೆ ಹಾಡಿ. ಹೊಸದು ಬೇಕೇ ಬೇಕು ಅಂದರೆ ಒಂದು ದಾರಿ ಇದೆ. ಡಿಸೆಂಬರ್ 8 ಮಾತೆ ಮರಿಯಮ್ಮನವರ ಅಮಲೋದ್ಭವದ ಮಹೋತ್ಸವ. ಆಗಮನ ಕಾಲದ ನಡುವೆ ಬಂದರೂ ಅವತ್ತು ಗ್ಲೋರಿಯಾ ಹಾಡಬಹುದು. ಹೊಸ ರಾಗವನ್ನು ಅಂದು ಜನರ ಕಿವಿಗೆ ಹಾಕಿ ನೋಡಿ. 8 ಭಾನುವಾರ ಬಿದ್ದರೆ ಹಬ್ಬ ಸಾಮಾನ್ಯವಾಗಿ ಸೋಮವಾರಕ್ಕೆ ಹೋಗುತ್ತದೆ, ಹಾಗಾಗಿ ಫಾದರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇನ್ನು ಕೀರ್ತನೆ. ಕ್ರಿಸ್‌ಮಸ್‌ಗೆ ಒಂದಲ್ಲ, ನಾಲ್ಕು ಬಲಿಪೂಜೆಗಳ ವಾಚನಗಳಿವೆ: ಜಾಗರಣೆ, ರಾತ್ರಿ, ಮುಂಜಾನೆ, ಹಗಲು. ಕೀರ್ತನೆಗಳೂ ಬೇರೆ ಬೇರೆ, ಅದೇ ಕ್ರಮದಲ್ಲಿ 89, 96, 97, 98. ಶುಭಸಂದೇಶವೂ ಬೇರೆ: ಜಾಗರಣೆಗೆ ಮತ್ತಾಯನು ಬರೆದ ಯೇಸುವಿನ ವಂಶಾವಳಿ, ರಾತ್ರಿಗೂ ಮುಂಜಾನೆಗೂ ಲೂಕನ ಎರಡನೇ ಅಧ್ಯಾಯ, ಹಗಲಿಗೆ ಯೊವಾನ್ನನ ‘ಆದಿಯಲ್ಲಿ ವಾಕ್ಯವಿತ್ತು’. 24ರ ಸಂಜೆ ಏಳಕ್ಕೆ ಪೂಜೆ ಇಟ್ಟುಕೊಂಡಿದ್ದರೆ ಯಾವ ವಾಚನ ಓದುತ್ತಾರೆ ಅಂತ ಗುರುಗಳೇ ಹೇಳಬೇಕು. ಕೇಳದೆ ಕಲಿತರೆ ಕ್ವಾಯರ್ ಒಂದು ಹಾಡುತ್ತದೆ, ವಾಚಕರು ಇನ್ನೊಂದು ಓದುತ್ತಾರೆ. ಈ ಪ್ರಶ್ನೆಯನ್ನು ಇದೇ ವಾರ ಕೇಳಿ. ಡಿಸೆಂಬರ್ 20ರ ಮೇಲೆ ಪಾಪ ಫಾದರ್ ಕೈಗೆ ಸಿಗುವುದಿಲ್ಲ, ಪಾಪನಿವೇದನೆಯ ಸಾಲು ಬಾಗಿಲ ತನಕ ಇರುತ್ತದೆ.

ನಾಲ್ಕು ಧ್ವನಿಯ ಕ್ಯಾರೋಲ್ ಒಂದು ಇಟ್ಟುಕೊಳ್ಳಿ, ಪರಮಪ್ರಸಾದದ ಹೊತ್ತಿಗೆ. ಏಳೆಂಟು ಜನರಲ್ಲಿ ಟೆನರ್ (ಗಂಡಸರ ಮೇಲ್ದನಿ) ಒಬ್ಬರೇ ಇದ್ದು, ಅವರಿಗೆ ಅವತ್ತೇ ನೆಗಡಿ ಬಂದರೆ? ಅದಕ್ಕೇ ಹೆಂಗಸರ ಮೇಲ್ದನಿ ಸೊಪ್ರಾನೊ, ಕೆಳದನಿ ಆಲ್ಟೊ ಎರಡೇ ಸೇರಿದರೂ ನಿಲ್ಲುವಂಥ ಹಾಡು ಆರಿಸಿ. ಕಲಿಸುವಾಗ ಕೊನೆಯ ಚರಣದಿಂದ ಶುರು ಮಾಡಿ. ಮೊದಲ ಚರಣ ಎಲ್ಲರಿಗೂ ಬರುತ್ತದೆ, ಎಡವುವುದು ಯಾವಾಗಲೂ ಕೊನೆಯಲ್ಲಿ. ಸೊಪ್ರಾನೊದವರಿಗೆ ಹೇಳಿಕೊಡುವಾಗ ಬಾಸ್‌ನವರು (ಗಂಡಸರ ಕೆಳದನಿ) ಸುಮ್ನೆ ಕೂತು ಮೊಬೈಲ್ ನೋಡುವುದು ಬೇಡ. ಅರ್ಧ ಗಂಟೆ ಅವರು, ಅರ್ಧ ಗಂಟೆ ಇವರು, ಕೊನೆಗೆ ಅರ್ಧ ಗಂಟೆ ಎಲ್ಲರೂ. ಹೇಳಿದ ಹೊತ್ತಿಗೆ ಪ್ರಾಕ್ಟೀಸ್ ಮುಗಿಸಿ. ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಅಂತ ನಂಬಿಕೆ ಬಂದರೆ ಬರುವವರೂ ಜಾಸ್ತಿಯಾಗುತ್ತಾರೆ.

ಕೊನೆಯ ವಾರ ಹೊಸ ಹಾಡು ಮುಟ್ಟಬೇಡಿ. ಚರ್ಚಿನೊಳಗೇ, ಅವತ್ತು ನಿಲ್ಲುವ ಜಾಗದಲ್ಲೇ ನಿಂತು ಹಾಡಿ. ಖಾಲಿ ಚರ್ಚಿನಲ್ಲಿ ದನಿ ಗುಂಯ್ ಅಂತ ಮರಳಿ ಬರುತ್ತದೆ. ಜನ ತುಂಬಿದಾಗ ಮೈ, ಬಟ್ಟೆ ಎಲ್ಲ ಆ ಗುಂಯ್‌ಗುಡುವಿಕೆಯನ್ನು ಹೀರಿಕೊಳ್ಳುತ್ತವೆ. ಅಭ್ಯಾಸದಲ್ಲಿ ಭರ್ಜರಿಯಾಗಿ ಕೇಳಿದ್ದು ಅವತ್ತು ಒಣಗಿದ ಹಾಗೆ ಕೇಳಿಸುತ್ತದೆ. ಹೆದರಿ ಕಿರುಚಬೇಡಿ ಅಂತ ನಿಮ್ಮವರಿಗೆ ಮೊದಲೇ ಹೇಳಿಡಿ.

ಆಗಮನ ಕಾಲದ ಪೂಜೆಯಲ್ಲಿ ಕ್ಯಾರೋಲ್ ಬೇಡ ಅಂತ ಗುರುಗಳು ಹೇಳಿದ್ದಾರೆ. ಜನರು ‘ಹಬ್ಬದ ತಿಂಗಳು, ಯಾಕೆ ಶೋಕದ ಹಾಡು?’ ಅಂತ ನಮ್ಮ ಮೇಲೆ ಬೀಳುತ್ತಾರೆ. ಮಧ್ಯೆ ಸಿಕ್ಕಿ ಸಾಕಾಗಿದೆ.
— ಗಿಟಾರ್ ನುಡಿಸುವವಳು

ಗುರುಗಳು ಹೇಳಿದ್ದು ಸರಿ. ಜನರು ಹೇಳುವುದರಲ್ಲೂ ಒಂದು ಮಾತು ಸರಿ ಇದೆ: ಆಗಮನ ಕಾಲ ಶೋಕದ ಕಾಲವಲ್ಲ.

ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿ, 313ನೇ ಅಂಶ ನೋಡಿ. ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ, ಕೆಲವು ಹಬ್ಬ ಬಿಟ್ಟು. ಆಗಮನ ಕಾಲಕ್ಕೆ ಅಷ್ಟು ಬಿಗಿ ಇಲ್ಲ. ವಾದ್ಯ ಹಿತಮಿತವಾಗಿರಲಿ, ಕ್ರಿಸ್ತ ಜಯಂತಿಯ ಪೂರ್ಣ ಸಂತೋಷವನ್ನು ಮೊದಲೇ ಖರ್ಚು ಮಾಡಬೇಡಿ ಅನ್ನುವುದು ಅದರ ತಾತ್ಪರ್ಯ. ಅಲ್ಲೆಲೂಯ ಇದ್ದೇ ಇದೆ. ಮೂರನೇ ಭಾನುವಾರ ಗೌದೆತೆ, ಅಂದರೆ ‘ಹಿಗ್ಗಿರಿ’, ಗುರುಗಳು ಗುಲಾಬಿ ಬಣ್ಣದ ಉಡುಪು ಹಾಕಬಹುದಾದ ದಿನ. ಅವತ್ತು ನಿಮ್ಮ ಗಿಟಾರ್ ಸ್ವಲ್ಪ ನಗಲಿ.

ನಿಜವಾದ ತೊಂದರೆ ಏನು ಗೊತ್ತಾ? ನಾವು ಆಗಮನ ಕಾಲಕ್ಕೆ ಹಾಡುಗಳನ್ನೇ ಕಲಿತಿರುವುದಿಲ್ಲ. ಎರಡು ಹಾಡನ್ನೇ ನಾಲ್ಕು ವಾರ ಎಳೆಯುತ್ತೇವೆ, ಅದೂ ನಿಧಾನವಾಗಿ. ಶೋಕ ಅನ್ನಿಸದೆ ಇರುತ್ತದಾ? ಡಿಸೆಂಬರ್ 17ರಿಂದ 23ರವರೆಗೆ ಸಂಜೆ ಪ್ರಾರ್ಥನೆಯಲ್ಲಿ ಏಳು ಪುರಾತನ ಕರೆಗಳಿವೆ. ‘ಓ ಜ್ಞಾನವೇ’ ಅಂತ ಶುರುವಾಗಿ ‘ಓ ಇಮ್ಮಾನುವೇಲ’ ಅಂತ ಮುಗಿಯುತ್ತವೆ. ಪ್ರತಿಯೊಂದರಲ್ಲೂ ‘ಬಾ’ ಅನ್ನುವ ಕೂಗು ಇದೆ. ಅವುಗಳನ್ನು ದಿನಕ್ಕೊಂದರಂತೆ ಒಬ್ಬರೇ ಹಾಡಿದರೂ ಸಾಕು, ವಾದ್ಯವೇ ಬೇಡ. ಹಾಡುವ ಜಾಗವನ್ನು ಗುರುಗಳ ಜೊತೆ ನಿರ್ಧರಿಸಿ.

ಕ್ಯಾರೋಲ್ ಬೇಕು ಅನ್ನುವವರಿಗೆ ಎರಡು ಉತ್ತರ ಕೊಡಿ. ಪೂಜೆಯ ಹೊರಗೆ, ಕ್ಯಾರೋಲ್ ಕಾರ್ಯಕ್ರಮದಲ್ಲಿ ಬಂದು ಹಾಡಿ ಅನ್ನಿ. ಜೊತೆಗೆ, ಕ್ರಿಸ್‌ಮಸ್ ಕಾಲ ಶುರುವಾಗುವುದೇ 24ರ ಸಂಜೆ, ಅದು ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಇರುತ್ತದೆ ಅನ್ನಿ. ಆಗ ಬೇಕಾದಷ್ಟು ಹಾಡಬಹುದು. ಆದರೆ ಆಗ ಕ್ವಾಯರ್ ಎಲ್ಲಿರುತ್ತದೆ? 26ನೇ ತಾರೀಖಿಗೆ ಗಂಟಲು ಕಟ್ಟಿಕೊಂಡು ಮಲಗಿರುತ್ತದೆ. ಜನವರಿ ಮೊದಲ ಭಾನುವಾರ ಮೂರು ಜನ ಬಂದು ಎಂದಿನ ಹಾಡನ್ನೇ ಹಾಡಿ ಹೋಗುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ನಿಮ್ಮ ಕ್ಯಾರೋಲ್‌ಗಳಲ್ಲಿ ಮೂರನ್ನು ಜನವರಿಗೆ ಅಂತ ಎತ್ತಿಡಿ.

ಗ್ಲೋರಿಯಾ ಬದಲಿಗೆ, ಪಲ್ಲವಿಯಲ್ಲಿ ‘ಗ್ಲೋರಿಯಾ’ ಅಂತ ಬರುವ ಕ್ಯಾರೋಲ್ ಹಾಡಬಹುದಾ? ಜನಕ್ಕೆ ಅದು ತುಂಬಾ ಇಷ್ಟ.
— ಒಬ್ಬ ಸಿಸ್ಟರ್

ಇಲ್ಲ ಸಿಸ್ಟರ್. ಗ್ಲೋರಿಯಾದ ಸಾಹಿತ್ಯಕ್ಕೆ ಬದಲಾಗಿ ಬೇರೆ ಯಾವ ಸಾಹಿತ್ಯವನ್ನೂ ಹಾಕುವಂತಿಲ್ಲ, ಅದೇ ನಿಯಮಾವಳಿಯ 53ನೇ ಅಂಶ. ಆ ಕ್ಯಾರೋಲ್ ಕೊನೆಯಲ್ಲಿ ಹಾಡಿ, ಜನ ಗೋದಲಿ ನೋಡಲು ಹೋಗುವಾಗ.

ನಮ್ಮ ಕ್ವಾಯರ್‌ನಲ್ಲಿ ಒಬ್ಬ ಹಿರಿಯ ಆಂಟಿ ಇದ್ದಾರೆ. ನಾವು ಹುಟ್ಟುವ ಮೊದಲಿಂದ ಹಾಡುತ್ತಿದ್ದಾರೆ. ಈಗ ದನಿ ನಡುಗುತ್ತದೆ, ಮೇಲಿನ ಸ್ವರ ಇಳಿದುಹೋಗುತ್ತದೆ. ಮೈಕ್ ಅವರ ಮುಂದೆಯೇ ಇರುತ್ತದೆ. ಹೇಳುವುದು ಹೇಗೆ?
— ಹೆಸರು ಬೇಡ

ಹೇಳಬೇಡಿ. ಮೈಕ್ ಸರಿಸಿ.

ಅವರೊಬ್ಬರ ಮುಂದಿಂದ ತೆಗೆದರೆ ಅವಮಾನ. ಎಲ್ಲರ ಮುಂದಿಂದಲೂ ತೆಗೆಯಿರಿ. ಎರಡು ಮೈಕ್, ತುಸು ದೂರ, ಯಾರ ಬಾಯಿಗೂ ಅಂಟಿಕೊಳ್ಳದ ಹಾಗೆ. ಒಬ್ಬೊಬ್ಬರಿಗೆ ಒಂದೊಂದು ಮೈಕ್ ಕೊಟ್ಟ ಕ್ವಾಯರ್ ಒಂದಾಗಿ ಹಾಡುವುದನ್ನು ನಾನಂತೂ ಕೇಳಿಲ್ಲ. ಆಂಟಿಯನ್ನು ನಡುವೆ ನಿಲ್ಲಿಸಿ, ಎರಡೂ ಕಡೆ ಗಟ್ಟಿ ದನಿಯವರಿರಲಿ. ಪಕ್ಕದ ದನಿ ಹಿಡಿದುಕೊಂಡರೆ ಸ್ವರ ಇಳಿಯುವುದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನೊಂದು ಕೇಳುತ್ತೇನೆ. ಮೇಲಿನ ಸ್ವರ ಅವರಿಗೆ ಮಾತ್ರ ಕಷ್ಟವೋ, ಇಡೀ ಚರ್ಚಿಗೋ? ಪುಸ್ತಕದಲ್ಲಿ ಅಚ್ಚಾದ ಶ್ರುತಿಯಲ್ಲೇ ಹಾಡಬೇಕು ಅಂತೇನಿಲ್ಲ. ನನ್ನ ಅನುಭವದಲ್ಲಿ ಜನ ಆರಾಮಾಗಿ ಹಾಡುವುದು ಮಧ್ಯದ ಸಿ ಸ್ವರದಿಂದ ಮೇಲಿನ ಡಿ ತನಕ. ಅದರಾಚೆ ಹೋದರೆ ಗಂಡಸರು ಬಾಯಿ ಮುಚ್ಚುತ್ತಾರೆ. ರಾತ್ರಿ ಹನ್ನೆರಡಕ್ಕೆ ಗಂಟಲು ಇನ್ನೂ ಭಾರ. ಒಂದು ಸ್ವರ ಇಳಿಸಿ ನೋಡಿ, ಆಂಟಿಯ ಸಮಸ್ಯೆ ಅರ್ಧ ಅಲ್ಲೇ ಮುಗಿಯಬಹುದು. ಉಳಿದರ್ಧಕ್ಕೆ ‘ಆಂಟಿ, ಆಲ್ಟೊದಲ್ಲಿ ಆಸರೆ ಇಲ್ಲ, ನೀವು ಬಂದರೆ ಹುಡುಗಿಯರಿಗೆ ಧೈರ್ಯ’ ಅನ್ನಿ. ಸುಳ್ಳೇನೂ ಆಗುವುದಿಲ್ಲ. ಹಳೆಯ ಹಾಡುಗಳ ಪ್ರತಿ ಚರಣ ಬಾಯಿಪಾಠ ಇರುವುದು ಇಂಥವರಿಗೇ ಅಲ್ವಾ?

ಕೀಬೋರ್ಡ್ ಹುಡುಗ ಎಲ್ಲಾ ಹಾಡಿಗೂ ರಿದಮ್ ಹಾಕುತ್ತಾನೆ. ಬೇಡ ಅಂದರೆ ‘ಖಾಲಿ ಖಾಲಿ ಅನ್ನಿಸುತ್ತೆ’ ಅನ್ನುತ್ತಾನೆ.
— ಆಲ್ಟೊ

ಅವನಿಗೆ 1818ರ ಕಥೆ ಹೇಳಿ. ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನ ಸಂತ ನಿಕೋಲಾಸ್ ಚರ್ಚು, ಡಿಸೆಂಬರ್ 24. ಸಹಾಯಕ ಗುರು ಯೋಸೆಫ್ ಮೋರ್ ಎರಡು ವರ್ಷ ಹಿಂದೆ ಬರೆದಿದ್ದ ಕವಿತೆಗೆ ಶಾಲೆಯ ಮೇಷ್ಟ್ರು ಫ್ರಾಂಜ್ ಗ್ರೂಬರ್ ರಾಗ ಹಾಕಿದರು. ಇಬ್ಬರೂ ನಿಂತು ಹಾಡಿದರು, ಜೊತೆಗೆ ಒಂದು ಗಿಟಾರ್. ‘ಸೈಲೆಂಟ್ ನೈಟ್’ ಹುಟ್ಟಿದ್ದು ಹಾಗೆ. ಖಾಲಿ ಅನ್ನಿಸಲಿಲ್ಲ ತಾನೇ?

ಯಂತ್ರದ ತಾಳ ಜನಕ್ಕಾಗಿ ಕಾಯುವುದಿಲ್ಲ. ಉಸಿರು ತೆಗೆದುಕೊಳ್ಳಲು ಜನ ಒಂದು ಕ್ಷಣ ನಿಂತರೆ ಅದು ಮುಂದೆ ಹೋಗಿಬಿಡುತ್ತದೆ. ಪೂರ್ತಿ ನಿಲ್ಲಿಸು ಅಂದರೆ ಹುಡುಗ ಮುನಿಸಿಕೊಳ್ಳುತ್ತಾನೆ. ಕೊನೆಯ ಹಾಡಿಗೆ ಹಾಕಿಕೋ, ಉಳಿದದ್ದಕ್ಕೆ ನಿನ್ನ ಕೈಯೇ ಸಾಕು ಅನ್ನಿ. ಹಾಗೇ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಬಟನ್ ಬಗ್ಗೆಯೂ ಎಚ್ಚರಿಸಿ. ಹಿಂದಿನ ಹಾಡಿಗೆ ಇಳಿಸಿದ್ದನ್ನು ಸೊನ್ನೆಗೆ ತರದಿದ್ದರೆ ಮುಂದಿನ ಹಾಡು ಪಾತಾಳದಿಂದ ಶುರುವಾಗುತ್ತದೆ. ಹಾಡಿನ ಹಾಳೆಯ ಮೇಲೆ ಆ ಅಂಕಿಯನ್ನು ಕೆಂಪಕ್ಷರದಲ್ಲಿ ಬರೆದುಕೊಳ್ಳಲಿ.

ಕ್ರಿಸ್‌ಮಸ್ ಪೂಜೆಯಲ್ಲಿ ವಿಶ್ವಾಸ ಸಂಗ್ರಹದ (‘ನಾನು ವಿಶ್ವಾಸಿಸುತ್ತೇನೆ’ ಎಂಬ ಪ್ರಾರ್ಥನೆ) ಮಧ್ಯೆ ಎಲ್ಲರೂ ಮಂಡಿಯೂರುತ್ತಾರೆ. ಕ್ವಾಯರ್ ಮಾತ್ರ ನಿಂತೇ ಇರುತ್ತದೆ. ನಾವೂ ಮಂಡಿಯೂರಬೇಕಾ?
— ಹೊಸದಾಗಿ ಸೇರಿದವನು

ಹೌದು, ನೀವೂ. ದೇವರು ಮನುಷ್ಯರಾದರು ಎಂದು ಹೇಳುವ ಮಾತುಗಳಿಗೆ ಉಳಿದ ದಿನ ತಲೆಬಾಗುತ್ತೇವೆ. ವರ್ಷದಲ್ಲಿ ಎರಡು ಹಬ್ಬ ಮಾತ್ರ ಮಂಡಿಯೂರುತ್ತೇವೆ: ಕ್ರಿಸ್‌ಮಸ್, ಮತ್ತೆ ಮಾರ್ಚ್ 25ರ ಮಂಗಳವಾರ್ತೆ. ಕ್ವಾಯರ್‌ಗೆ ರಿಯಾಯಿತಿ ಇಲ್ಲ. ಮಂಡಿ ನೋವಿರುವವರು ತಲೆಬಾಗಿದರೆ ಸಾಕು. ವಿಶ್ವಾಸ ಸಂಗ್ರಹವನ್ನು ಹಾಡುವುದಾದರೆ ಆ ಸಾಲಿಗೆ ಮುಂಚೆ ಒಂದು ಉಸಿರಿನಷ್ಟು ನಿಲ್ಲಿಸಿ, ಜನಕ್ಕೆ ಇಳಿಯಲು ಹೊತ್ತು ಬೇಕು. ಕ್ವಾಯರ್ ನಿಂತೇ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಎಲ್ಲರೂ ಕಾಣಿಕೆ ಗೀತೆಯ ಪುಟ ಹುಡುಕುತ್ತಿರುತ್ತಾರೆ. ಅದನ್ನು ಪ್ರಬೋಧನೆಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ.