ಸ್ಟೇರಿಂಗ್ ಬಾಕ್ಸ್ ಸೋರುತ್ತಿದೆ: ಸೀಲ್ ಹಾಕಿದರೆ ಸಾಕಾ, ಬಾಕ್ಸೇ ಬದಲಿಸಬೇಕಾ?

ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಬದಲಿಸೋಕೆ ಗಾಡಿ ಎತ್ತಿದ್ದೀರಿ, ಆಗ ಪವರ್ ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳ ಲಿಂಕಿಗೆ ಮುಟ್ಟಿಸುವ ಗೇರ್ ಪೆಟ್ಟಿಗೆಯ) ಕೆಳಗೆಲ್ಲಾ ಎಣ್ಣೆ ಕಂಡಿದೆ, ಹೊಸ ಬಾಕ್ಸ್ ತರಬೇಕಾ ಅಂತ ಕೇಳಿದ್ದೀರಿ. ಈಗಲೇ ತರಬೇಡಿ. ಮೊದಲು ಎಲ್ಲಿಂದ ಸೋರುತ್ತಿದೆ ಅಂತ ಗೊತ್ತಾಗಬೇಕು.

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಮೇಲೆ ಪೈಪಿನ ನಟ್ ಹತ್ತಿರ ಒಸರಿದರೂ ಎಣ್ಣೆ ಬಾಕ್ಸಿನ ಮೈ ಮೇಲೆ ಇಳಿದು ಕೊನೆಗೆ ಪಿಟ್‌ಮನ್ ಆರ್ಮ್ (ಬಾಕ್ಸಿನ ಕೆಳಗಿನ ಶಾಫ್ಟಿಗೆ ಕೂತು ಲಿಂಕನ್ನು ಆಡಿಸುವ ತೋಳು) ತುದಿಯಿಂದಲೇ ಬೀಳುತ್ತದೆ, ನೋಡಿದವರು ಕೆಳಗಿನ ಸೀಲ್ ಹೋಗಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ಬಾಕ್ಸ್, ಪೈಪು, ಪಂಪು ಎಲ್ಲವನ್ನೂ ಡಿಗ್ರೀಸರ್ ಹಾಕಿ ತೊಳೆದು ಪೂರ್ತಿ ಒಣಗಿಸಿ. ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೇರಿಂಗ್ ಎರಡೂ ಕಡೆ ತಿರುಗಿಸಲಿ, ನೀವು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ: ಪೈಪಿನ ಜಾಯಿಂಟ್, ಸ್ಟೇರಿಂಗ್ ರಾಡ್ ಒಳಗೆ ಹೋಗುವ ಕಡೆಯ ಸೀಲ್, ಮೇಲಿನ ಕವರ್, ಅದರ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ, ಕೊನೆಗೆ ಕೆಳಗಿನ ಶಾಫ್ಟ್ ಸೀಲ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಲ್ಲೇ ಹಿಡಿದರೆ ಪ್ರೆಶರ್ ತುಂಬಾ ಏರುತ್ತದೆ, ಸೋರಿಕೆ ಚೆನ್ನಾಗಿ ಕಾಣುತ್ತದೆ, ಆದರೆ ಎರಡು ಮೂರು ಸೆಕೆಂಡ್‌ಗಿಂತ ಜಾಸ್ತಿ ಬೇಡ, ಪಂಪಿಗೆ ಒಳ್ಳೆಯದಲ್ಲ. ಇನ್ನೊಂದು ವಿಷಯ, ಆರ್ಮಿನಿಂದ ಚಕ್ರಕ್ಕೆ ಹೋಗುವ ಲಿಂಕ್ ಬಿಚ್ಚಿಟ್ಟಿದ್ದರೆ ಬಾಕ್ಸಿನ ಮೇಲೆ ಭಾರವೇ ಇರುವುದಿಲ್ಲ, ಹಾಗಾಗಿ ಆಗ ಒಣಗಿ ಕಂಡರೆ ನಂಬಬೇಡಿ. ಎಲ್ಲ ಜೋಡಿಸಿ ಚಕ್ರ ನೆಲಕ್ಕೆ ಇಳಿಸಿ ಮತ್ತೆ ನೋಡಿ.

ಪೈಪಿನ ಕಡೆ ಆದರೆ ಕೆಲಸ ಸುಲಭ, ಓ ರಿಂಗ್ ಅಥವಾ ಪೈಪ್ ಬದಲಿಸಿದರೆ ಮುಗಿಯಿತು. ಸುಮ್ನೆ ನಟ್ ಬಿಗಿ ಮಾಡುತ್ತಾ ಹೋಗಬೇಡಿ, ಥ್ರೆಡ್ ಹಾಳಾಗುತ್ತದೆ.

ಕೆಳಗಿನ ಸೀಲ್ ಆಗಿದ್ದರೆ ಒಂದು ಪರೀಕ್ಷೆ ಬಿಡಲೇಬೇಡಿ. ಎಂಜಿನ್ ನಿಲ್ಲಿಸಿ ಪಿಟ್‌ಮನ್ ಆರ್ಮ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಶಾಫ್ಟ್ ತಿರುಗಬೇಕೇ ಹೊರತು ಪಕ್ಕಕ್ಕೆ ಸರಿಯಬಾರದು. ಸರಿದರೆ ಒಳಗಿನ ಬುಷ್ ಅಥವಾ ಬೇರಿಂಗ್ ಸವೆದಿದೆ, ಅಂಥ ಶಾಫ್ಟಿಗೆ ಎಷ್ಟು ಒಳ್ಳೆ ಸೀಲ್ ಹಾಕಿದರೂ ಬೇಗ ಮತ್ತೆ ಸೋರುತ್ತದೆ. ಆಗ ಬಾಕ್ಸ್ ರಿಪೇರಿ ಮಾಡಿಸುವುದೋ ಬದಲಿಸುವುದೋ ಅಂತ ಯೋಚಿಸಿ. ಆರ್ಮ್ ಬಿಚ್ಚಿದಾಗ ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ಸಿಗುವಂಥ ಗೀರು, ತುಕ್ಕಿನ ಗುಳಿ ಇದ್ದರೂ ಅದೇ ಕಥೆ. ಎರಡೂ ಇಲ್ಲವಾ? ಹಾಗಾದರೆ ಸೀಲ್ ಸಾಕು, ಸಾಮಾನ್ಯವಾಗಿ ಬಾಕ್ಸ್ ಗಾಡಿಯಲ್ಲಿದ್ದ ಹಾಗೇ ಹಾಕಬಹುದು.

ಆರ್ಮ್ ಬಿಚ್ಚೋಕೆ ಪುಲ್ಲರ್ (ಬಿಗಿಯಾಗಿ ಕೂತದ್ದನ್ನು ಎಳೆದು ತೆಗೆಯುವ ಸಾಧನ) ಬಳಸಿ, ದಯವಿಟ್ಟು ಸುತ್ತಿಗೆಯಲ್ಲಿ ಹೊಡೆಯಬೇಡಿ. ಆ ಏಟು ನೇರ ಶಾಫ್ಟ್ ಮೂಲಕ ಒಳಗಿನ ಹಲ್ಲು, ಬೇರಿಂಗಿಗೆ ಬೀಳುತ್ತದೆ, ಸರಿಯಿದ್ದ ಬಾಕ್ಸೂ ಹೋಗುತ್ತದೆ. ಬಿಚ್ಚುವ ಮೊದಲು ಆರ್ಮಿಗೂ ಶಾಫ್ಟಿಗೂ ಗುರುತು ಹಾಕಿ. ಹೊಸ ಸೀಲ್ ತೂರಿಸುವಾಗ ಶಾಫ್ಟಿನ ಹಲ್ಲುಗಳ ಮೇಲೆ ತೆಳ್ಳಗೆ ಟೇಪ್ ಸುತ್ತಿ, ಎಣ್ಣೆ ಸವರಿ, ಇಲ್ಲದಿದ್ದರೆ ಸೀಲಿನ ಅಂಚು ಕುಯ್ದು ಹೋಗುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ, ಸ್ಟೇರಿಂಗ್ ರಾಡನ್ನು ಬಾಕ್ಸಿನಿಂದ ಬಿಡಿಸಿದಾಗ ಸ್ಟೇರಿಂಗ್ ಚಕ್ರ ತನ್ನಷ್ಟಕ್ಕೆ ತಿರುಗದ ಹಾಗೆ ಕಟ್ಟಿಡಿ, ಅದರ ಕೆಳಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಏರ್‌ಬ್ಯಾಗಿಗೆ ಕರೆಂಟ್ ಕೊಡುವ ಸುರುಳಿ ವೈರ್, ತುಂಡಾಗಬಹುದು.

ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿ ನಾನಂತೂ ಹಾಕುವುದಿಲ್ಲ. ಅದು ರಬ್ಬರ್ ಉಬ್ಬಿಸಿ ಸ್ವಲ್ಪ ದಿನ ತಡೆಯುತ್ತದೆ ಅಷ್ಟೇ, ಸವೆದ ಬುಷ್ ಸರಿಮಾಡುವುದಿಲ್ಲ. ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡಿದರೂ ಸೋರಿಕೆ ನಿಲ್ಲುವುದಿಲ್ಲ, ಸ್ಟೇರಿಂಗ್ ಬಿಗಿಯಾಗಿ ವಾಪಸ್ ಬರದ ಹಾಗಾಗುತ್ತದೆ.

ಕೊನೆಗೆ ಮ್ಯಾನುಯಲ್ ಹೇಳಿದ ಎಣ್ಣೆಯನ್ನೇ ತುಂಬಿ. ಮುಂದಿನ ಚಕ್ರ ಎತ್ತಿ, ಎಂಜಿನ್ ಚಾಲೂ ಮಾಡದೆ ಸ್ಟೇರಿಂಗನ್ನು ನಿಧಾನವಾಗಿ ಆ ತುದಿಯಿಂದ ಈ ತುದಿಗೆ ಹಲವು ಸಲ ತಿರುಗಿಸಿ, ನಡುನಡುವೆ ಎಣ್ಣೆ ನೋಡಿ ಹಾಕುತ್ತಾ ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ. ಪಿಟ್‌ಮನ್ ನಟ್‌ಗೆ ಹೊಸ ಲಾಕ್ ವಾಷರ್ ಹಾಕಿ, ಟಾರ್ಕ್ ರೆಂಚಿನಿಂದ ಮ್ಯಾನುಯಲ್ಲಿನಲ್ಲಿರುವಷ್ಟೇ ಬಿಗಿ ಮಾಡಿ, ಅಂದಾಜಿನಲ್ಲಿ ಬೇಡ. ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೇ ಮಾಡಿಸಿ, ಮೊದಲೇ ಮಾಡಿಸಿದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.