ಹಿಂದೆ ಏಳು ತಿಂಗಳಿಗೇ ಹೆರಿಗೆಯಾಗಿದ್ದವರಿಗೆ ಯೋನಿ ಮಾರ್ಗದ ಸ್ಕ್ಯಾನ್ ಏಕೆ? ಮಗುವಿಗೆ ತೊಂದರೆಯಾಗುವುದಿಲ್ಲವೇ?

ಹೊಳಲ್ಕೆರೆಯ ನಿಮ್ಮ ನಾದಿನಿಗೆ ದಾವಣಗೆರೆಯ ವೈದ್ಯರು 20ನೇ ವಾರದಲ್ಲಿ ಈ ಸ್ಕ್ಯಾನ್ ಹೇಳಿದ್ದಾರೆ ಎಂದಿದ್ದೀರಿ. ದಯವಿಟ್ಟು ತಪ್ಪಿಸಬೇಡಿ. ಮಗುವಿಗೆ ಇದರಿಂದ ಅಪಾಯವಿಲ್ಲ. ತೆಳುವಾದ ಉಪಕರಣವು ಯೋನಿಯೊಳಗಷ್ಟೇ ಇರುತ್ತದೆ, ಗರ್ಭಕೋಶದೊಳಗೆ ಹೋಗುವುದಿಲ್ಲ. ಇದರಲ್ಲಿ ಎಕ್ಸ್‌ರೇ ಇಲ್ಲ, ಶಬ್ದತರಂಗ ಮಾತ್ರ.

ಇಲ್ಲಿ ಮುಖ್ಯವಾಗಿ ಅಳೆಯುವುದು ಗರ್ಭಕಂಠದ, ಅಂದರೆ ಗರ್ಭಕೋಶದ ಕೆಳಗಿನ ಬಾಯಿಯ ಭಾಗದ, ಉದ್ದ. ಹೊಟ್ಟೆಯ ಮೇಲಿನಿಂದ ನೋಡಿದರೆ ಮಗುವಿನ ತಲೆ ಅಡ್ಡ ಬರಬಹುದು; ಮೂತ್ರಕೋಶ ತುಂಬಿದ್ದರೆ ಗರ್ಭಕಂಠ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಹಾಗಾಗಿ ಈ ಸ್ಕ್ಯಾನ್‌ಗೆ ಮೂತ್ರ ಮಾಡಿಯೇ ಹೋಗಬೇಕು. ಸಾಮಾನ್ಯವಾಗಿ 24 ವಾರಕ್ಕೆ ಮುಂಚೆ ಉದ್ದ 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಅವಧಿಪೂರ್ವ ಹೆರಿಗೆಯ ಸಾಧ್ಯತೆ ಹೆಚ್ಚು. ಆಗ ಪ್ರೊಜೆಸ್ಟರಾನ್ ಔಷಧಿ ಅಥವಾ ಗರ್ಭಕಂಠಕ್ಕೆ ಹೊಲಿಗೆ ಹಾಕುವ ದಾರಿಯಿದೆ. ಹೆರಿಗೆ ನೋವು ಶುರುವಾದ ಮೇಲೆ ಈ ಅವಕಾಶ ಬಹುತೇಕ ಕೈತಪ್ಪುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಾಸು ಕೆಳಗಿದೆಯೇ ಎಂಬುದೂ ಇದರಲ್ಲೇ ಸ್ಪಷ್ಟವಾಗುತ್ತದೆ. ರಕ್ತಸ್ರಾವವಾಗಿದ್ದರೆ ಅಥವಾ ನೀರು ಹೋಗಿದ್ದರೆ ಮೊದಲೇ ತಿಳಿಸಿ. ಸಂಕೋಚವಾದರೆ ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.