ಕಾರವಾರ–ಅಂಕೋಲಾದಂಥ ಒಂಟಿ ಹಳಿಯಲ್ಲಿ, ನಿಂತಿರುವ ರೈಲನ್ನೇ ಮರೆತು ಇನ್ನೊಂದಕ್ಕೆ ಸಿಗ್ನಲ್ ಕೊಡುವ ಸಾಧ್ಯತೆ ಇದೆಯೇ?

ಹಿಂದೆ ಜೋಡಿ ಹಳಿಯಲ್ಲೇ ಹಾಗಾಗಿದೆ. 1915ರ ಮೇ 22ರ ಬೆಳಿಗ್ಗೆ ಸ್ಕಾಟ್ಲೆಂಡಿನ ಕ್ವಿಂಟಿನ್‌ಶಿಲ್‌ನಲ್ಲಿ ಲೂಪ್ (ರೈಲನ್ನು ಬದಿಗೆ ನಿಲ್ಲಿಸುವ ಪಕ್ಕದ ಹಳಿ) ಖಾಲಿ ಇಲ್ಲದೆ ಲೋಕಲ್ ರೈಲನ್ನು ಎದುರು ದಿಕ್ಕಿನ ಮುಖ್ಯ ಹಳಿಗೆ ತಂದು ನಿಲ್ಲಿಸಿದ್ದರು. ಸಿಗ್ನಲ್‌ಮನ್ ಜೇಮ್ಸ್ ಟಿನ್ಸ್‌ಲೀ ತಡವಾಗಿ ಪಾಳಿಗೆ ಬಂದದ್ದೂ ಅದೇ ರೈಲಿನಲ್ಲಿ. ತಡವಾದದ್ದು ತಿಳಿಯಬಾರದೆಂದು ಹಿಂದಿನ ಪಾಳಿಯವರು 6 ಗಂಟೆಯ ನಂತರದ ನಮೂದುಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದರು. ಅವನ್ನು ಪುಸ್ತಕಕ್ಕೆ ಇಳಿಸುತ್ತ ಕೂತ ಟಿನ್ಸ್‌ಲೀ ಲೋಕಲ್ ರೈಲನ್ನು ಮರೆತು, ಸೈನಿಕರ ರೈಲಿಗೆ ದಾರಿ ಕೊಟ್ಟರು. ಡಿಕ್ಕಿಯಾದ ಸುಮಾರು ಒಂದು ನಿಮಿಷಕ್ಕೇ ಇನ್ನೊಂದು ಹಳಿಯಲ್ಲಿ ಬಂದ ಎಕ್ಸ್‌ಪ್ರೆಸ್ ಅವಶೇಷಕ್ಕೆ ಬಡಿಯಿತು. ಗ್ಯಾಸ್ ದೀಪಗಳ ಮರದ ಬೋಗಿಗಳು ಹೊತ್ತಿಕೊಂಡು 200ಕ್ಕೂ ಹೆಚ್ಚು ಜನ ಸತ್ತರು.

ಮರೆವು ಯಾರಿಗೂ ಬರುತ್ತದೆ. ಅದಕ್ಕೆಂದೇ ಹಳಿಯಲ್ಲಿ ರೈಲು ನಿಂತಾಗ ಸಿಗ್ನಲ್ ಲಿವರ್‌ಗೆ ಕಾಲರ್, ಅಂದರೆ ಲಿವರ್ ಎಳೆಯಲು ಬಿಡದ ಲೋಹದ ಬಳೆ, ಹಾಕಬೇಕಿತ್ತು, ಅದನ್ನು ಹಾಕಿರಲಿಲ್ಲ. ನೆನಪಿಸಲೆಂದೇ ನಿಯಮದಂತೆ ಸಿಗ್ನಲ್ ಕೋಣೆಗೆ ಬಂದ ಲೋಕಲ್ ರೈಲಿನ ಫೈರ್‌ಮನ್ (ಎಂಜಿನ್‌ಗೆ ಕಲ್ಲಿದ್ದಲು ಹಾಕುವವ) ಪುಸ್ತಕದಲ್ಲಿ ಸಹಿ ಹಾಕಿದ, ಕಾಲರ್ ನೋಡಲಿಲ್ಲ. ನನ್ನ ಪ್ರಕಾರ ಮರೆವಿಗಿಂತ ದೊಡ್ಡ ತಪ್ಪು ಇದೇ.

ಈಗ ಟ್ರ್ಯಾಕ್ ಸರ್ಕ್ಯೂಟ್ ಅಥವಾ ಆಕ್ಸಲ್ ಕೌಂಟರ್ ಹಳಿಯ ಮೇಲಿನ ಗಾಡಿಯನ್ನು ಗುರುತಿಸುತ್ತದೆ. ಆ ಹಳಿಯ ಸಿಗ್ನಲ್ ಹಸಿರಾಗುವುದೇ ಇಲ್ಲ. ಅಪಾಯ ಉಳಿಯುವುದು ಉಪಕರಣ ಕೆಟ್ಟಾಗ. ಆಗ ಎರಡೂ ಕಡೆಯ ಸ್ಟೇಶನ್ ಮಾಸ್ಟರರು ಫೋನಿನಲ್ಲಿ ಪ್ರೈವೇಟ್ ನಂಬರ್ (ಮಾತನ್ನು ಖಚಿತಪಡಿಸುವ ಗುಪ್ತ ಸಂಖ್ಯೆ) ವಿನಿಮಯ ಮಾಡಿ, ಬರೆದುಕೊಂಡು, ಲೋಕೋ ಪೈಲಟ್‌ಗೆ ಲಿಖಿತ ಅನುಮತಿ ಕೊಡಬೇಕು. ಕಾರವಾರ–ಅಂಕೋಲಾ ನಡುವಿನ ಹಾರವಾಡ ಸ್ಟೇಶನ್ನಿನಲ್ಲಿ ಗಾಡಿ ಹಾಗೆ ನಿಂತರೆ ದಯವಿಟ್ಟು ಅವರನ್ನು ಅವಸರಪಡಿಸಬೇಡಿ.